ಕುಕ್ಕಲಮ್ಮನ ಪಂಚನಾಮೆ

ಆ ಫೋನ್ ಬಂದಾಗ ನಾನು ಯಾರದೋ ಆಧಾರ್ ಕಾರ್ಡನ್ನು ಜೆರಾಕ್ಸ್ ಯಂತ್ರದ ಗಾಜಿನ ಮೇಲೆ ಇಡುತ್ತಿದ್ದೆ. ಬೆಳಿಗ್ಗೆ ಆ ಹೊತ್ತಿಗೆ ಫೋನ್ ಬಂದರೆ ಅದು ಕುಕ್ಕಲಮ್ಮನದೇ. ಹಿಂದಿನ ದಿನ ನೋಡಿ ಬಂದ ನಾಯಿಯ ವರದಿಯನ್ನು ಅವರು ಹೇಳುತ್ತಾ ಹೋಗಬೇಕು, ನಾನು ಟೈಪ್ ಮಾಡುತ್ತಾ ಹೋಗಬೇಕು. ಆ ದಿನ ಅವರ ನಂಬರಿನಿಂದ ಮಾತಾಡಿದ್ದು ಅವರ ಅಣ್ಣನ ಮಗ. ಚಹಾ ಕುಡಿಯುತ್ತಾ ಕೂತವರು ಹಾಗೇ ಗೋಡೆಗೆ ಒರಗಿದರಂತೆ, ಎಬ್ಬಿಸಿದರೆ ಏಳಲಿಲ್ಲವಂತೆ. 'ಹೌದಾ' ಎಂದೆ. ಫೋನಿಟ್ಟು, ಕಾರ್ಡನ್ನು ಮಗುಚಿ ಹಾಕಿ ಹಿಂಬದಿಯ ಪ್ರತಿಯನ್ನೂ ತೆಗೆದುಕೊಟ್ಟೆ.

ಆಮೇಲೆ ಅಂಗಡಿಯ ಶಟರ್ ಎಳೆದು ಮಕ್ತಲದಿಂದ ನಾರಾಯಣಪೇಟೆಯ ಬಸ್ಸು ಹಿಡಿದೆ. ಕಿಟಕಿ ಪಕ್ಕ ಸೀಟು ಸಿಕ್ಕಿತು. ಅವರ ಮನೆಯಲ್ಲಿ ಹೆಂಗಸರು ಅಳುತ್ತಿದ್ದರು, ಗಂಡಸರು ಹೊರಗೆ ಶಾಮಿಯಾನಾ ಕಟ್ಟಿಸುತ್ತಿದ್ದರು. ನಾನು ಒಂದು ಮೂಲೆಯಲ್ಲಿ ನಿಂತು ಅವರ ಕಾಲುಗಳನ್ನು ನೋಡಿದೆ. ಶೂ ಇಲ್ಲದ ಆ ಕಾಲುಗಳನ್ನು ನಾನು ಅದೇ ಮೊದಲು ನೋಡಿದ್ದು. ನನಗೆ ಏನೂ ಅನಿಸಲಿಲ್ಲ. ಗಟ್ಟಿಗಿತ್ತಿ ಎಂದು ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಏನೂ ಅನಿಸಲಿಲ್ಲ, ಅಷ್ಟೇ. ವಾಪಸ್ ಬಂದು ಅನ್ನಕ್ಕೆ ಇಟ್ಟೆ, ಉಂಡೆ, ಮಲಗಿದೆ, ನಿದ್ದೆಯೂ ಬಂತು.

ಅವರಿಗೆ ಒಂದು ಒಳ್ಳೆಯ ಹೆಸರಿತ್ತು. ಅದನ್ನು ಯಾರೂ ಬಳಸುತ್ತಿರಲಿಲ್ಲವಾದ್ದರಿಂದ ನಾನೂ ಇಲ್ಲಿ ಬಳಸುವುದಿಲ್ಲ. ತೆಲುಗಿನಲ್ಲಿ ಕುಕ್ಕ ಎಂದರೆ ನಾಯಿ. ತೆಲುಗು, ಕನ್ನಡ ಎರಡನ್ನೂ ಆಡುವ ನಮ್ಮ ಗಡಿ ಸೀಮೆಯಲ್ಲಿ, ಗದ್ವಾಲದಿಂದ ಹಿಡಿದು ಈಚೆ ಮಾಗನೂರಿನವರೆಗೆ ಅವರು ಕುಕ್ಕಲಮ್ಮ. ಎದುರಿಗೆ ಮಾತ್ರ ಎಲ್ಲರೂ 'ಮೇಡಂ' ಎನ್ನುತ್ತಿದ್ದರು. ಹೈದರಾಬಾದಿನ ಒಂದು ಪಶು ಆಸ್ಪತ್ರೆಯಲ್ಲಿ ಬಹಳ ವರ್ಷ ದುಡಿದು, ಅಲ್ಲೇ ನಾಯಿಗಳ ನಡವಳಿಕೆಯ ತರಬೇತಿ ಮುಗಿಸಿ, ತಾಯಿಯನ್ನು ನೋಡಿಕೊಳ್ಳಲು ಊರಿಗೆ ಬಂದವರು. ತಾಯಿ ತೀರಿದ ಮೇಲೂ ಇಲ್ಲೇ ಉಳಿದರು. ಯಾರ ನಾಯಿ ಕಚ್ಚುತ್ತದೆ, ಯಾರ ನಾಯಿ ಬೊಗಳಿ ಪ್ರಾಣ ತಿನ್ನುತ್ತದೆ, ಯಾರದು ಉಣ್ಣುವುದಿಲ್ಲ ಎಂದರೆ ಆ ಮನೆಗೆ ಹೋಗಿ ನೋಡಿ, ಒಂದು ವರದಿ ಬರೆದುಕೊಡುವುದು ಅವರ ಕೆಲಸ. ನಮ್ಮ ಕಡೆ ಇಂಥ ಕೆಲಸವೊಂದು ಇದೆ ಎಂದು ಜನ ನಂಬಲು ಸ್ವಲ್ಪ ಕಾಲ ಹಿಡಿಯಿತು. ವರದಿ ಎಂದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಿರಿಯರು ನಿಜಾಮರ ಕಾಲದ ಮಾತಿನಲ್ಲಿ ಅದನ್ನು ಪಂಚನಾಮೆ ಎಂದು ಕರೆದರು, ಅದೇ ಉಳಿಯಿತು.

ನಾರಾಯಣಪೇಟೆಯ ಕಡ್ಡಿಗೆರೆಯ ಹತ್ತಿ ಸೀರೆ, ಅದರ ಕೆಳಗೆ ಓಟದವರು ಹಾಕುವ ಬಿಳಿ ಶೂ, ಹೆಗಲಿಗೆ ಒಂದು ಚೀಲ, ಚೀಲದಲ್ಲಿ ಹುರಿದ ಶೇಂಗಾ. ಇದು ಅವರು. 'ನಿಮ್ಮ ಮನ್ಯಾಗ ಎಷ್ಟು ನಾಯಿ ಸಾಕೀರಿ?' ಎಂದು ಹೊಸಬರು ಕೇಳಿಯೇ ಕೇಳುತ್ತಿದ್ದರು. ಅವರು ಒಂದೂ ಸಾಕಿರಲಿಲ್ಲ. 'ಬೀಡಿ ಕಟ್ಟೋರೆಲ್ಲ ಬೀಡಿ ಸೇದ್ತಾರೇನ್ರಿ?' ಎನ್ನುತ್ತಿದ್ದರು. ಇನ್ನೊಂದು ಮಾತನ್ನು ನನಗೆ ಮಾತ್ರ ಹೇಳಿದ್ದರು. ಅವರಿಗೆ ನಾಯಿ ಎಂದರೆ ಹೆದರಿಕೆ. 'ಹೆದರಿಕಿ ಐತಿ, ಅದಕ್ಕ ಛಂದಂಗ ನೋಡ್ತೀನಿ. ಪ್ರೀತಿ ಇದ್ದೋರು ನೋಡಂಗಿಲ್ಲ, ಮುದ್ದು ಮಾಡ್ತಾರ.'

ಎಷ್ಟೋ ಸಲ ನಾನೂ ಜೊತೆಗೆ ಹೋಗುತ್ತಿದ್ದೆ. ಮನೆಗೆ ಹೋದರೆ ಅವರು ನಾಯಿಯನ್ನು ಮುಟ್ಟುತ್ತಿರಲಿಲ್ಲ, ಕರೆಯುತ್ತಲೂ ಇರಲಿಲ್ಲ. ಮೊದಲು ಇಂಜೆಕ್ಷನ್ ವಿಚಾರ ಕೇಳುವರು. ಕಚ್ಚಿಸಿಕೊಂಡವರಿಗೆ ಆಸ್ಪತ್ರೆಯ ಸೂಜಿ ಆಗಿದೆಯೋ, ನಾಯಿಗೆ ಆಗಿದೆಯೋ ಎಂದು. ಆಮೇಲೆ ಹೊಸ್ತಿಲ ಮೇಲೆ ಕೂತು ಶೇಂಗಾ ಸುಲಿಯುವರು. 'ನಿಮ್ಮ ಕೆಲಸ ನೀವು ಮಾಡ್ರಿ, ನಾ ಇಲ್ಲಿ ಇಲ್ಲ ಅಂತ ತಿಳೀರಿ' ಎನ್ನುವರು. ಜನ ಸ್ವಲ್ಪ ಹೊತ್ತು ನಾಟಕ ಮಾಡುತ್ತಾರೆ. ಸೊಸೆಗೆ ಸವಿಯಾಗಿ ಮಾತಾಡುತ್ತಾರೆ, ನಾಯಿಗೆ ಹಾಲು ಹಾಕುತ್ತಾರೆ. ಅದು ಮುಗಿಯುವ ತನಕ ಅವರು ಸುಲಿಯುತ್ತಿದ್ದರು. ಅಲ್ಲಿ ಏನನ್ನೂ ಬರೆದುಕೊಳ್ಳುತ್ತಿರಲಿಲ್ಲ. ಪೆನ್ನು ಕಂಡರೆ ಮನುಷ್ಯರು ನೆಟ್ಟಗೆ ಕೂರುತ್ತಾರಂತೆ. ನೋಡಿದ ದಿನ ಆ ಮನೆಯ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಬಸ್ಸಿನಲ್ಲಿ ನಾನು ಕೆದಕಿದರೆ 'ಮಲಗಿ ಏಳಲಿ' ಎಂದು ಕಣ್ಣು ಮುಚ್ಚುವರು. ಮರುದಿನ ಬೆಳಿಗ್ಗೆ ಫೋನಿನಲ್ಲಿ ಪಂಚನಾಮೆ.

ನಾರಾಯಣಪೇಟೆಯಲ್ಲೇ ಒಬ್ಬ ನೇಕಾರರ ಮನೆ. ಮಗ್ಗದ ಸದ್ದಿಗೆ ನಾಯಿ ದಿನವಿಡೀ ಬೊಗಳುತ್ತದೆ ಎಂದು ಅವರ ದೂರು. ಮಗ್ಗವನ್ನು ಹಿಂದಿನ ಕೋಣೆಗೆ ಹಾಕಬೇಕೋ, ನಾಯಿಯನ್ನು ಬಿಟ್ಟು ಬರಬೇಕೋ ಎಂಬಲ್ಲಿಗೆ ಮಾತು ಬಂದಿತ್ತು. ಕುಕ್ಕಲಮ್ಮ ಒಂದು ಬೆಳಗು ಪೂರ್ತಿ ಕೂತರು. ಲಾಳಿ ಓಡುವಾಗ ನಾಯಿ, ನೇಯುವವರು ಕಾಲು ಇಳಿಬಿಟ್ಟು ಕೂರುವ ಗುಳಿಯ ಪಕ್ಕದಲ್ಲೇ ನಿದ್ದೆ ಹೊಡೆಯುತ್ತಿತ್ತು. ಬೊಗಳುತ್ತಿದ್ದುದು ಮಗ್ಗ ನಿಂತಾಗ. ಮಗ್ಗ ನಿಂತರೆ ಯಜಮಾನ ಏಳುತ್ತಾನೆ, ಚಪ್ಪಲಿ ಹಾಕುತ್ತಾನೆ, ಬಾಗಿಲು ತೆಗೆದು ಹೋಗಿಬಿಡುತ್ತಾನೆ. ನಾನು ವರದಿಯಲ್ಲಿ 'ಯಜಮಾನನ ಅಗಲಿಕೆಯನ್ನು ಸಹಿಸಲಾರದೆ' ಎಂದು ಸೇರಿಸಿದ್ದೆ. ನನಗೆ ಬರವಣಿಗೆಯ ತೀಟೆ ಸ್ವಲ್ಪ ಇದೆ.

'ಇದನ್ನ ನಾಯಿ ಬಂದು ನಿನ್ನ ಕಿವ್ಯಾಗ ಹೇಳ್ತೇನು?' ಎಂದರು.

'ಹಂಗ ಅನಿಸ್ತು ಮೇಡಂ.'

'ಅನಿಸಿದ್ದಕ್ಕ ನನ್ನ ಕಾಗದದಾಗ ಜಾಗ ಇಲ್ಲ, ತಂಗಿ. ಮಗ್ಗ ನಿಂತಾಗ ಬೊಗಳ್ತದ. ಅಷ್ಟು ಬರಿ. ನೇಯೋದು ಮುಗಿದ ಮ್ಯಾಲೆ ತುಸು ಹೊತ್ತು ಅಲ್ಲೇ ಕುಂದರಬೇಕು, ಎದ್ದ ಕೂಡ್ಲೇ ಹೋಗಬಾರದು. ಅಷ್ಟು ಬರಿ.'

ಅವರ ಪಂಚನಾಮೆಯಲ್ಲಿ ಮೂರು ಭಾಗ. ಕಂಡದ್ದು, ಕೇಳಿದ್ದು, ಮಾಡಬೇಕಾದ್ದು. ಸಿಟ್ಟು, ಸೇಡು, ಹಟ, ಹೊಟ್ಟೆಕಿಚ್ಚು ಎಂಬ ಮಾತುಗಳು ಯಾವ ಭಾಗದಲ್ಲೂ ಬರಕೂಡದು. ತಾನು ಕಣ್ಣಾರೆ ನೋಡದ್ದು ಎಷ್ಟೇ ನಿಜವಾಗಿದ್ದರೂ 'ಕಂಡದ್ದು' ಅಲ್ಲ. ಗದ್ವಾಲದ ಒಬ್ಬ ರೈಸ್ ಮಿಲ್ ಮಾಲೀಕರ ನಾಯಿ ಪಕ್ಕದ ಮನೆಯವರನ್ನು ಕಚ್ಚಿತ್ತು. ಮಾತು ಠಾಣೆಗೆ ಹೋಗುವಂತಿತ್ತು. ಕುಕ್ಕಲಮ್ಮ ನನ್ನ ಅಂಗಡಿಯಲ್ಲಿದ್ದಾಗ ಆ ಮಾಲೀಕರು ಅಲ್ಲಿಗೇ ಬಂದು ಕೂತರು.

'ಅವರು ಮೊದಲು ಕಲ್ಲು ಹೊಡದ್ರು ಅಂತ ಬರೀರಿ ಮೇಡಂ. ಪರವಾಲೇದು, ಒಂದು ಸಾಲು ಸಾಕು.'

'ನೀವು ನೋಡೀರೇನ್ರಿ?'

'ನಾ ಮಿಲ್ಲಿನ್ಯಾಗಿದ್ದೆ. ವಾಚ್‌ಮನ್ ನೋಡ್ಯಾನ.'

'ಹಂಗಾದ್ರ ವಾಚ್‌ಮನ್ ಹೇಳಿದ ಅಂತ ಬರೀತೀನಿ. ಕೇಳಿದ್ದರಾಗ. ಮತ್ತ ಓದೋ ದಿವಸ ಅವನನ್ನೂ ಕರಸ್ರಿ.'

ವಾಚ್‌ಮನ್ ಬರಲಿಲ್ಲ. ಮಾಲೀಕರೂ ಮತ್ತೆ ಫೋನ್ ಮಾಡಲಿಲ್ಲ.

ಓದುವ ದಿವಸ ಎಂದೆನಲ್ಲ, ಅದನ್ನು ಹೇಳಬೇಕು. ಹೈದರಾಬಾದಿನಲ್ಲಾದರೆ ಇಂಥ ವರದಿಯನ್ನು ಮೇಲ್ ಮಾಡಿದರೆ ಮುಗಿಯಿತು. ಇಲ್ಲಿ ಎಷ್ಟೋ ಮನೆಗಳಲ್ಲಿ ನಾಯಿಗೆ ಅನ್ನ ಹಾಕುವವರಿಗೆ ಓದು ಬರುವುದಿಲ್ಲ, ಓದು ಬಂದವರು ನಾಯಿಗೆ ಅನ್ನ ಹಾಕುವುದಿಲ್ಲ. ಹಾಗಾಗಿ ಅವರು ಮತ್ತೊಮ್ಮೆ ಹೋಗಿ, ಮನೆಯವರನ್ನೆಲ್ಲ ಕೂರಿಸಿ, ಪಂಚನಾಮೆಯನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ತೆಲುಗು ಮನೆಯಲ್ಲಿ ತೆಲುಗು, ನಮ್ಮವರಲ್ಲಿ ಕನ್ನಡ. ಅಡುಗೆ ಮನೆಯಲ್ಲಿ ಒಬ್ಬರು ಉಳಿದರೂ ಓದುತ್ತಿರಲಿಲ್ಲ, ಕಾಯುವರು.

ಇದರಿಂದ ಒಂದು ಎಡವಟ್ಟು ಆಯಿತು. ಅಂಗಳದಲ್ಲಿ ಎಲ್ಲರೆದುರು ಹಿರಿಯರ ತಪ್ಪನ್ನು ಓದಿ ಹೇಳುವುದು ನಮ್ಮ ಕಡೆ ಸಾಧ್ಯವೇ? ಅವರೂ ಇಲ್ಲಿಯವರೇ. ಹಾಗಾಗಿ ಯಾರು ಏನು ಮಾಡಿದರು ಎಂದು ಬರೆಯುವಾಗ 'ಒಬ್ಬರು' ಎಂದು ತೇಲಿಸುತ್ತಿದ್ದರು. ಧರೂರಿನ ಒಂದು ಗದ್ದೆಯವರ ಮನೆಯಲ್ಲಿ ಹಾಗೇ ಓದಿದರು. ಊಟದ ಹೊತ್ತಿನಲ್ಲಿ ಹತ್ತಿರ ಹೋದರೆ ಕಚ್ಚಲು ಬರುವ ನಾಯಿ ಅದು. 'ಮನೆಯಲ್ಲಿ ಒಬ್ಬರು ನಾಯಿ ಉಣ್ಣುವಾಗ ತಟ್ಟೆ ಎಳೆದು ಆಡಿಸುತ್ತಾರೆ. ಅದು ನಿಲ್ಲಬೇಕು.' ಕೋಲಿನಿಂದ ತಟ್ಟೆ ಎಳೆಯುತ್ತಿದ್ದುದು ಮನೆಯ ಹಿರಿಯ, ಮಾವ. ಓದಿದ ಕೂಡಲೇ ಎಲ್ಲರೂ ತಿರುಗಿ ನೋಡಿದ್ದು ನಾಯಿಗೆ ಅನ್ನ ಹಾಕುತ್ತಿದ್ದ ಸೊಸೆಯನ್ನು. ಮಾವನೂ ಅವಳನ್ನೇ ನೋಡಿದ.

ಕೆಲವು ವಾರಗಳ ಮೇಲೆ ಆ ಹುಡುಗಿಯ ಅಣ್ಣ ನನ್ನ ಅಂಗಡಿ ಹುಡುಕಿಕೊಂಡು ಬಂದ. ತಂಗಿಯನ್ನು ತವರಿಗೆ ಕಳಿಸಿಬಿಟ್ಟಿದ್ದರು. ಮೂಕ ಪ್ರಾಣಿಯನ್ನು ಗೋಳಾಡಿಸಿದವಳು ಮುಂದೆ ಮಕ್ಕಳನ್ನು ಹೇಗೆ ನೋಡಿಕೊಂಡಾಳು ಎಂದರಂತೆ. ಸುದ್ದಿ ಕೇಳಿ ಕುಕ್ಕಲಮ್ಮ ಮುಂದಿನ ಬಸ್ಸಿಗೇ ಹೊರಟರು. ನಾನೂ ಜೊತೆಗಿದ್ದೆ. ಅದೇ ಅಂಗಳದಲ್ಲಿ ನಿಂತು, 'ಹೋದ ಸಲ ನಾ ಅರ್ಧ ಓದಿದ್ದೆ, ಇವತ್ತ ಪೂರ್ತಿ ಓದ್ತೀನಿ' ಎಂದು 'ಮಾವನವರು' ಎಂಬ ಮಾತನ್ನು ಇಟ್ಟು ಓದಿದರು. ಮಾವ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದ. ನಮಗೆ ನೀರು ಬೇಕೇ ಎಂದು ಯಾರೂ ಕೇಳಲಿಲ್ಲ. ವಾಪಸ್ ಬರುವಾಗ ಜೂರಾಲಾ ಕಾಲುವೆಯ ದಂಡೆಗುಂಟ ನಡೆಯುತ್ತಾ ಒಂದೇ ಮಾತು ಆಡಿದರು. 'ನನ್ನ ಮರ್ಯಾದಿ ಉಳಿಸ್ಕೊಳ್ಳಾಕ ಆ ಹುಡುಗಿನ್ನ ಮುಂದ ಮಾಡಿದೆ.' ಆಕೆ ಗಂಡನ ಮನೆಗೆ ವಾಪಸ್ ಬಂದಳು. ಅಂದಿನಿಂದ ಪಂಚನಾಮೆಯಲ್ಲಿ 'ಒಬ್ಬರು' ಎಂಬುದು ಹೋಯಿತು. ಅತ್ತೆಯಾದರೆ ಅತ್ತೆ, ಮಾವನಾದರೆ ಮಾವ.

ಅವರು ಕೊನೆಯದಾಗಿ ನೋಡಿದ ಮನೆ ನಮ್ಮ ಮಕ್ತಲದ್ದೇ, ಮಾಗನೂರು ರಸ್ತೆಯ ಕೊನೆಯಲ್ಲಿ ಒಂಟಿಯಾಗಿರುವುದು. ಅಂಜಮ್ಮ ಎಂಬ ಹೆಣ್ಣುಮಗಳು ಕರೆಂಟ್ ಬಿಲ್ ಕಟ್ಟಲು ನನ್ನ ಅಂಗಡಿಗೆ ಬರುತ್ತಿದ್ದಳು. ಗಂಡ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾನೆ. ಮನೆಯಲ್ಲಿ ಅತ್ತೆ, ಇವಳು, ಟೈಗರ್ ಎಂಬ ಕಂದು ಬಣ್ಣದ ಊರ ನಾಯಿ. ಟೈಗರ್ ಅತ್ತೆಯ ತೋಳಿಗೆ ಎರಡು ಸಲ ಬಾಯಿ ಹಾಕಿತ್ತು. ಅದನ್ನು ಆಟೋದಲ್ಲಿ ಹಾಕಿ ಕೃಷ್ಣಾ ಸೇತುವೆಯ ಆಚೆ ಬಿಟ್ಟು ಬರಬೇಕು ಎಂದು ಅತ್ತೆ. ಬೇಡ ಎಂದು ಅಂಜಮ್ಮ. ಗಂಡ ಫೋನಿನಲ್ಲೇ ತೀರ್ಪು ಕೊಟ್ಟಿದ್ದ. ಕುಕ್ಕಲಮ್ಮ ಬಂದು ನೋಡಲಿ, ಅವರ ಪಂಚನಾಮೆ ಏನು ಹೇಳುತ್ತದೋ ಹಾಗೆ ಮಾಡೋಣ ಎಂದು.

ನಾವು ಹೋದಾಗ ನಾಯಿಯನ್ನು ಬೇವಿನ ಮರಕ್ಕೆ ಸರಪಳಿ ಹಾಕಿ ಕಟ್ಟಿದ್ದರು. ಕುಕ್ಕಲಮ್ಮ ಹೊಸ್ತಿಲಲ್ಲಿ ಕೂತರು. ಅಂಜಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಪಕ್ಕದಲ್ಲಿ ನಿಂತ ಅತ್ತೆ ತೋಳಿನ ಗಾಯ ತೋರಿಸುತ್ತಾ, 'ಸುಮ್ನ ಹೊಂಟಿದ್ದೆ ನೋಡ್ರೀ, ಏನೂ ಮಾಡಿಲ್ಲ, ಬಂದು ಹಿಡೀತು' ಎಂದಳು. ಎರಡನೇ ಸಲವೂ ಹಾಗೇ ಅಂತೆ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಂದು ಕೋಳಿ ಜೋಳಕ್ಕೆ ಬಾಯಿ ಹಾಕಲು ಬಂತು. ಅದನ್ನು ಓಡಿಸಲು ಅತ್ತೆ ಕೈ ಎತ್ತಿದಳು. ಅಂಜಮ್ಮ ಥಟ್ಟನೆ ಮುಖ ತಿರುಗಿಸಿ ಕಿವಿಗೆ ಕೈ ಅಡ್ಡ ಹಿಡಿದಳು. ಆಗ ನಾಯಿ ಎದ್ದಿತು, ಸರಪಳಿ ಬಿಗಿಯಿತು. ಕೋಳಿ ಓಡಿತು, ಕೈ ಇಳಿಯಿತು, ಅಂಜಮ್ಮ ಮತ್ತೆ ಜೋಳ ಕೇರತೊಡಗಿದಳು. ನಾನು ಕುಕ್ಕಲಮ್ಮನ ಕಡೆ ನೋಡಿದೆ. ಅವರು ತಲೆ ತಗ್ಗಿಸಿ ಮಡಿಲಿನ ಸಿಪ್ಪೆ ಕೊಡವಿಕೊಳ್ಳುತ್ತಿದ್ದರು. ಅವರಿಗೆ ಕಂಡಿತೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಬಸ್ ಹತ್ತುವ ಮುಂಚೆ, 'ಬಿಳಿಜೋಳ ಛಲೋ ಇದ್ದುವು' ಎಂದರು. ಮರುದಿನ ಬೆಳಿಗ್ಗೆ ಬಂದದ್ದು ಅವರ ಅಣ್ಣನ ಮಗನ ಫೋನ್.

ದಿನ ಕಳೆಯಿತು. ಜೆರಾಕ್ಸ್, ಬಿಲ್, ಅರ್ಜಿ. ಗದ್ವಾಲದಿಂದ ಅವರನ್ನು ಕೇಳಿ ಫೋನ್ ಬಂದರೆ 'ಊರಾಗಿಲ್ಲ' ಎಂದುಬಿಡುತ್ತಿದ್ದೆ. ಯಾಕೆ ಹಾಗೆಂದೆ ಎಂದರೆ, ತೀರಿಕೊಂಡರು ಎಂಬ ಮಾತು ಬಾಯಿಗೆ ಬರುತ್ತಿರಲಿಲ್ಲ. ದುಃಖದಿಂದಲ್ಲ. ಹಲ್ಲು ಕೀಳಿಸಿಕೊಂಡ ಮೇಲೆ ಆ ಜಾಗ ಜೋಮು ಹಿಡಿದು ನಾಲಗೆಗೆ ಏನೂ ತಿಳಿಯುವುದಿಲ್ಲವಲ್ಲ, ಹಾಗಿತ್ತು. ಅಂಜಮ್ಮ ಬಂದು ಕೌಂಟರಿನ ಮುಂದೆ ನಿಂತಳು.

'ಪಂಚನಾಮಿ ಬಂತೇನ್ರೀ ಅಕ್ಕಾರ? ಅತ್ತಿ ಆಟೋದಾವಗ ಹೇಳ್ಯಾಳ. ಇನ್ನ ಕಾಯಂಗಿಲ್ಲ ಅಂತಾಳ.'

'ಬರ್ತದ' ಎಂದೆ. ಅವಳು ಹೊರಡಲು ತಿರುಗಿದಳು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. 'ಅಂಜಮ್ಮ, ನಿಮ್ಮತ್ತಿ ನಿನ್ನ ಹೊಡೀತಾಳೇನು?'

ಅವಳು ಸೆರಗು ಸರಿ ಮಾಡಿಕೊಂಡಳು. 'ನಾಯಿದು ಬರೀರಿ ಅಕ್ಕಾರ.'

'ನಾಯಿದು ಬರಿಯಾಕ ಹೋದ್ರ ಅದೂ ಬರ್ತದ. ಬರೀಲೋ, ಬ್ಯಾಡೋ?'

'ನೀವು ಕಂಡಿದ್ದು ನೀವು ಬರೀರಿ. ನಾ ಏನೂ ಹೇಳಿಲ್ಲ.'

ಅವಳು ಹೋದ ಮೇಲೆ ಕಂಪ್ಯೂಟರ್ ಮುಂದೆ ಕೂತೆ. 'ಕೈ ಎತ್ತಿದರೆ ನಾಯಿ ಮೇಲೆ ಬರುತ್ತದೆ' ಎಂದು ಬರೆದು ನಿಲ್ಲಿಸಬಹುದಿತ್ತು. ಅದು ಸುಳ್ಳಲ್ಲ. ಆದರೆ ಅಷ್ಟೇ ಬರೆದರೆ ಟೈಗರ್ ಸೇತುವೆ ದಾಟುತ್ತದೆ, ಅಂಜಮ್ಮ ಆ ಒಂಟಿ ಮನೆಯಲ್ಲಿ ಎತ್ತಿದ ಕೈಯ ಕೆಳಗೆ ಒಬ್ಬಳೇ ಉಳಿಯುತ್ತಾಳೆ. ಪೂರ್ತಿ ಬರೆದರೆ, ಓದಿ ನಾನು ಎದ್ದು ಬಂದ ಮೇಲೆ ಅವಳ ಗತಿ ಏನು? ಅವರಿದ್ದಿದ್ದರೆ ಕೇಳುತ್ತಿದ್ದೆ. ಇರಲಿಲ್ಲ. ಪೂರ್ತಿ ಬರೆದೆ. 'ಅತ್ತೆ ಕೈ ಎತ್ತಿದಾಗ ಮೊದಲು ಬೆದರಿ ಮುಖ ತಿರುಗಿಸಿ ಕಿವಿಗೆ ಕೈ ಅಡ್ಡ ಹಿಡಿದದ್ದು ಸೊಸೆ. ನಾಯಿ ಎದ್ದದ್ದು ಅದರ ನಂತರ.' 'ಬೆದರಿ' ಎಂಬುದನ್ನು ಅಳಿಸಿದೆ. ಅದು ನನಗೆ ಅನಿಸಿದ್ದು. ಮಾಡಬೇಕಾದ್ದು ಎಂಬಲ್ಲಿ, 'ನಾಯಿಯನ್ನು ಬಿಟ್ಟು ಬರಬೇಕಾಗಿಲ್ಲ. ಅತ್ತೆ ಸೊಸೆಯ ಮೇಲೆ ಕೈ ಎತ್ತಬಾರದು' ಎಂದು ಬರೆದೆ.

ಓದುವ ದಿನ ಅತ್ತೆ ಚಾಪೆಯ ಮೇಲೆ, ಅಂಜಮ್ಮ ಬಾಗಿಲ ಕಂಬಕ್ಕೆ ಆತು, ನಾನು ಮಂಚದ ಅಂಚಿನಲ್ಲಿ. ನಡುವೆ ನೀರಿನ ಕೊಡ ಬೋರಲು ಹಾಕಿ ಅದರ ಮೇಲೆ ಫೋನ್ ಇಟ್ಟಿದ್ದರು, ಸ್ಪೀಕರ್ ಹಾಕಿ. ಪುಣೆಯಲ್ಲಿ ಕಾಂಕ್ರೀಟ್ ಕಲಸುವ ಯಂತ್ರದ ಸದ್ದು ಅಂಗಳಕ್ಕೆಲ್ಲ ಕೇಳುತ್ತಿತ್ತು. 'ನಾ ಇದ್ದೀನ್ರಿ, ಓದ್ರಿ' ಎಂದ ಗಂಡ. ಆಟೋ ಆಗಲೇ ರಸ್ತೆಯಲ್ಲಿ ಬಂದು ನಿಂತಿತ್ತು.

ಓದಿದೆ. ಕೈ ಎತ್ತಿದ ಸಾಲು ಬಂದಾಗ ಅತ್ತೆ 'ಏನು?' ಎಂದಳು. ನಾನು ನಿಲ್ಲಿಸದೆ ಕೊನೆಯವರೆಗೂ ಓದಿದೆ. ಫೋನಿನಲ್ಲಿ ಯಂತ್ರದ ಸದ್ದು ದೂರವಾಯಿತು, ಅವನು ಎಲ್ಲಿಗೋ ಸರಿದು ನಿಂತಿರಬೇಕು.

'ಅಕ್ಕಾರ, ಇದು ಮೇಡಮ್ಮೋರು ಬರದಿದ್ದಾ?' ಎಂದು ಕೇಳಿದ.

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಕುಕ್ಕಲಮ್ಮ ಬರೆದದ್ದನ್ನು ಆ ಮನೆಯಲ್ಲಿ ಯಾರೂ ಇಲ್ಲವೆನ್ನುತ್ತಿರಲಿಲ್ಲ. ಅತ್ತೆ ನನ್ನನ್ನೇ ನೋಡುತ್ತಿದ್ದಳು. ಅಂಜಮ್ಮ ನೆಲ ನೋಡುತ್ತಿದ್ದಳು. ಅವರು ನೋಡಿದರೆಂದು ನಾನು ಹೇಗೆ ಹೇಳಲಿ, ಅವರು ಸಿಪ್ಪೆ ಕೊಡವುತ್ತಿದ್ದರಲ್ಲ.

'ಇಲ್ಲ' ಎಂದೆ. 'ನಾ ಕಂಡಿದ್ದು, ನಾ ಬರದಿದ್ದು. ಮೇಡಮ್ಮೋರು ತೀರಿಕೊಂಡ್ರು.'

ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಕಾಗದವನ್ನು ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡೆ.

'ಅಯ್ಯೋ' ಎಂದಳು ಅತ್ತೆ. ನಿಜವಾಗಿಯೇ ಮರುಗಿದಳು ಅನ್ನಿ, ಎರಡು ಸಲ ಲೊಚಗುಟ್ಟಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಎದ್ದು, ಫೋನಿನಲ್ಲಿದ್ದ ಮಗನಿಗೆ ಹೇಳಿದಳು. 'ಹಂಗಾದ್ರ ಇದು ಪಂಚನಾಮಿ ಅಲ್ಲ, ತಮ್ಮ. ಜೆರಾಕ್ಸ್ ಅಂಗಡಿಯಾಕಿ ಬರದಿದ್ದು. ಆಕಿ ಏನ್ ಕಂಡಾಳ, ನಾ ಕೋಳಿ ಹೊಡಿಯಾಕ ಕೈ ಎತ್ತಿದ್ದೆ. ಆಟೋದಾವ ನಿಂತಾನ, ನಾಯಿ ಬಿಚ್ಚತೀನಿ.'

ಅವಳು ಬೇವಿನ ಮರದ ಕಡೆ ನಡೆದಳು. ನಾನು ಅಂಜಮ್ಮನ ಕಡೆ ನೋಡಲಿಲ್ಲ, ನೋಡುವ ಧೈರ್ಯ ಇರಲಿಲ್ಲ.

'ಅಕ್ಕಾರು ಬರದಿದ್ದು ಖರೆ ಐತಿ.'

ಅಂಜಮ್ಮ ಹಾಗೆಂದಾಗ ಅತ್ತೆಯ ಕೈ ಸರಪಳಿಯ ಕೊಂಡಿಯ ಮೇಲಿತ್ತು. ಯಾರಿಗೆ ಹೇಳಿದಳೋ ತಿಳಿಯದಷ್ಟು ಸಣ್ಣ ದನಿ.

'ಏನಂದಿ? ಕೇಳಸಲಿಲ್ಲ' ಎಂದ ಗಂಡ, ಪುಣೆಯಿಂದ.

ಅಂಜಮ್ಮ ಕಂಬ ಬಿಟ್ಟು ಬಂದು, ಕೊಡದ ಮೇಲಿನ ಫೋನನ್ನು ಎತ್ತಿ ಬಾಯಿಯ ಹತ್ತಿರ ಹಿಡಿದುಕೊಂಡು, ಆಟೋದವನಿಗೂ ಕೇಳುವಂತೆ ಮತ್ತೊಮ್ಮೆ ಹೇಳಿದಳು.